ಒಂದೇ ಪಾಚಿ ಎಣ್ಣೆ, ಎರಡು ಡೀಸೆಲ್, ಒಂದು ಬೋಟ್ ಇಂಜಿನ್

ಪಾಚಿ ಇಂಧನ ಸೇನೆಯ ಬೋಟ್‌ಗಳಿಗೆ ಆಗಿ ಬರುತ್ತಾ ಅಂತ ಯಾರಾದರೂ ಕೇಳಿದರೆ, ಯಾವ ಪಾಚಿ ಇಂಧನ ಅಂತ ನಾನು ತಿರುಗಿ ಕೇಳುತ್ತೇನೆ. ಪಾಚಿಯಿಂದ ತೆಗೆದ ಒಂದೇ ಎಣ್ಣೆಯಿಂದ ಎರಡು ಥರದ್ದು ಮಾಡಬಹುದು. ಮೆಥನಾಲ್ ಬೆರೆಸಿ ಮಾಡಿದ್ದು ಬಯೋಡೀಸೆಲ್. ಜಾಸ್ತಿ ಒತ್ತಡ, ಜಾಸ್ತಿ ಬಿಸಿಯಲ್ಲಿ ಹೈಡ್ರೋಜನ್ ಹಾಯಿಸಿ ಎಣ್ಣೆಯೊಳಗಿನ ಆಕ್ಸಿಜನ್ ತೆಗೆದುಬಿಟ್ಟರೆ ಸಿಗುವುದು ಇನ್ನೊಂದು. ಲ್ಯಾಬಿನಲ್ಲಿ ಅದನ್ನು ಹೈಡ್ರೋ ಡೀಸೆಲ್ ಅನ್ನುತ್ತಿದ್ದೆವು. ಇವೆರಡನ್ನೂ, ಜೊತೆಗೆ ಮಾಮೂಲಿ ಡೀಸೆಲನ್ನೂ, ಸ್ಟ್ಯಾಂಡಿನ ಮೇಲೆ ಕೂರಿಸಿದ ಒಂದು ಹಳೇ ಬೋಟ್ ಇಂಜಿನ್‌ಗೆ ಕುಡಿಸಿ ನೋಡಿದ್ದೇನೆ.

ನಿಜ ಹೇಳಬೇಕೆಂದರೆ ಅರ್ಧ ಉತ್ತರ ಇಂಜಿನ್ ಚಾಲೂ ಮಾಡುವ ಮೊದಲೇ ಸಿಕ್ಕಿತ್ತು. ಮೂರು ಗಾಜಿನ ಜಾಡಿಗಳಲ್ಲಿ ಒಂದೊಂದು ಇಂಧನ ಹಾಕಿ, ಅಷ್ಟೇ ಉಪ್ಪುನೀರು ಸುರಿದು, ಮುಚ್ಚಳ ಬಿಗಿದು ಜೋರಾಗಿ ಅಲ್ಲಾಡಿಸಿದೆ. ಡೀಸೆಲ್ ಬೇಗ ಮೇಲೆ ಬಂತು, ನೀರು ಕೆಳಗೆ ಉಳಿಯಿತು. ಹೈಡ್ರೋ ಡೀಸೆಲ್ಲೂ ಹಾಗೇ. ಬಯೋಡೀಸೆಲ್ ಜಾಡಿ ಮಾತ್ರ ಮಜ್ಜಿಗೆ ಕಡೆದ ಹಾಗೆ ಬೆಳ್ಳಗಾಯಿತು. ಊಟ ಮುಗಿಸಿ ಬಂದು ನೋಡಿದರೂ ನಡುವೆ ನೊರೆಯಂಥ ಪದರ ಹಾಗೇ ಇತ್ತು. ಬೋಟ್ ಅಂದಮೇಲೆ ಟ್ಯಾಂಕಿಗೆ ನೀರು ಸೇರದೆ ಇರುತ್ತಾ? ಕೆಲವು ಯುದ್ಧನೌಕೆಗಳಲ್ಲಂತೂ ಇಂಧನ ಖಾಲಿಯಾದಷ್ಟೂ ಅದೇ ಟ್ಯಾಂಕಿಗೆ ಬೇಕಂತಲೇ ಸಮುದ್ರದ ನೀರು ತುಂಬುತ್ತಾರೆ, ಹಡಗಿನ ತೂಕ ಏರುಪೇರಾಗದಿರಲಿ ಅಂತ. ಅಲ್ಲಿ ಬಯೋಡೀಸೆಲ್ ಹಾಕಿದರೆ ಕಥೆ ಮುಗಿದ ಹಾಗೆ.

ಇಂಜಿನ್‌ನಲ್ಲಿ ಬಯೋಡೀಸೆಲ್ ಕೆಟ್ಟದಾಗೇನೂ ಓಡಲಿಲ್ಲ. ಹೊಗೆ ಕಡಿಮೆ, ಸದ್ದೂ ಮೆತ್ತಗೆ. ಆದರೆ ಅದು ಹಳೇ ಟ್ಯಾಂಕಿನ ತಳದ ಕೆಸರನ್ನೆಲ್ಲ ತೊಳೆದು ತಂದು ಫಿಲ್ಟರಿಗೆ ತುಂಬಿತು. ಎರಡನೇ ದಿನವೇ ಇಂಜಿನ್ ಉಸಿರು ಕಟ್ಟಿದಂತೆ ಏದುಸಿರು ಬಿಟ್ಟು ನಿಂತಿತು.

ಹೈಡ್ರೋ ಡೀಸೆಲ್ ಹಾಕಿದಾಗ ಇಂಜಿನ್ ಒಂದೇ ಸಲಕ್ಕೆ ಹೊತ್ತಿಕೊಂಡಿತು. ಇಂಧನ ಎಷ್ಟು ಬೇಗ ಹೊತ್ತಿಕೊಳ್ಳುತ್ತದೆ ಅನ್ನುವುದರ ಅಳತೆ ಸೀಟೇನ್ ಸಂಖ್ಯೆ. ಇದರದ್ದು 70 ದಾಟುತ್ತದೆ, ಮಾಮೂಲಿ ಡೀಸೆಲ್‌ದು 50ರ ಆಸುಪಾಸು. ಖುಷಿಯಾಗಿದ್ದೆ. ಸ್ವಲ್ಪ ದಿನಕ್ಕೆ ಪಂಪಿನ ಕೆಳಗೆ ಹಾಸಿದ್ದ ಕಾಗದದ ಮೇಲೆ ನಾಣ್ಯದಗಲ ಕಲೆ ಕಾಣಿಸಿತು. ಮಾಮೂಲಿ ಡೀಸೆಲ್‌ನಲ್ಲಿರುವ ಆರೋಮ್ಯಾಟಿಕ್ ಅಂಶ, ಅಂದರೆ ಉಂಗುರದಾಕಾರದ ಅಣುಗಳು, ರಬ್ಬರ್ ಸೀಲನ್ನು ಉಬ್ಬಿಸಿ ಇಟ್ಟಿರುತ್ತದೆ. ಇದರಲ್ಲಿ ಅದಿಲ್ಲ. ಉಬ್ಬಿದ್ದ ಹಳೇ ಸೀಲ್ ಕುಗ್ಗಿತು, ತೊಟ್ಟಿಕ್ಕಿತು. ಅರ್ಧಕ್ಕರ್ಧ ಡೀಸೆಲ್ ಬೆರೆಸಿ, ಸೀಲ್ ಬದಲಾಯಿಸಿದ ಮೇಲೆ ತೊಂದರೆ ಆಗಲಿಲ್ಲ. ಇದು ಹಗುರ ಇಂಧನ, ಹಾಗಾಗಿ ಲೀಟರ್ ಲೆಕ್ಕದಲ್ಲಿ ಶಕ್ತಿ ಸ್ವಲ್ಪ ಕಡಿಮೆ. ಬಯೋಡೀಸೆಲ್‌ನಲ್ಲಿ ಇನ್ನೂ ಕಡಿಮೆ.

ಅಮೆರಿಕದ ನೌಕಾಪಡೆ ಆರಿಸಿಕೊಂಡದ್ದೂ ಇದೇ ದಾರಿ. 2010ರ ಅಕ್ಟೋಬರ್‌ನಲ್ಲಿ ನಾರ್ಫೋಕ್‌ನಲ್ಲಿ 49 ಅಡಿಯ ಒಂದು ನದಿ ಗಸ್ತು ಬೋಟನ್ನು ಓಡಿಸಿದ್ದು ಪಾಚಿಯ ಹೈಡ್ರೋ ಡೀಸೆಲ್ ಮತ್ತು ನೌಕಾಪಡೆಯ ಎಫ್-76 ಡೀಸೆಲ್‌ನ 50:50 ಮಿಶ್ರಣದಲ್ಲಿ.

ಇಟ್ಟು ಬಳಸುವ ಮಾತು ಬಂದರೂ ಬಯೋಡೀಸೆಲ್ ಹಿಂದೆ. ಸೇನೆಗಳು ಇಂಧನವನ್ನು ತಿಂಗಳುಗಟ್ಟಲೆ ಕೂಡಿಡುತ್ತವೆ. ನನ್ನ ಹತ್ತಿರ ಉಳಿದಿದ್ದ ಒಂದು ಕ್ಯಾನ್ ಮುಚ್ಚಳ ಆರು ತಿಂಗಳ ಮೇಲೆ ತೆಗೆದರೆ ಹಳೇ ಪೇಂಟಿನ ವಾಸನೆ, ತಳದಲ್ಲಿ ಅಂಟು.

ಹಾಗಾದರೆ ಪಾಚಿಯ ಹೈಡ್ರೋ ಡೀಸೆಲ್ ಗೆದ್ದಿತೇ? ಇಂಜಿನ್ ಕೇಳಿದರೆ ಹೌದು. ಪರ್ಸ್ ಕೇಳಿದರೆ ಇಲ್ಲ. 2012ರಲ್ಲಿ ಹವಾಯಿ ಬಳಿ ನಡೆದ ಸಮರಾಭ್ಯಾಸಕ್ಕಾಗಿ ಅದೇ ನೌಕಾಪಡೆ ಅಡುಗೆ ಮಾಡಿ ಉಳಿದ ಎಣ್ಣೆ ಮತ್ತು ಪಾಚಿ ಎಣ್ಣೆಯಿಂದ ಮಾಡಿದ 4,50,000 ಗ್ಯಾಲನ್ ಜೈವಿಕ ಇಂಧನ ಕೊಂಡಿತು. ಕೊಟ್ಟದ್ದು 1.2 ಕೋಟಿ ಡಾಲರ್, ಅಂದರೆ ಗ್ಯಾಲನ್‌ಗೆ ಸುಮಾರು 27 ಡಾಲರ್. 2016ರಲ್ಲಿ ಅದೇ ನೌಕಾಪಡೆ ಜೈವಿಕ ಇಂಧನ ಬೆರೆಸಿ ಹೊರಡಿಸಿದ ಹಡಗುಗಳ ಮಿಶ್ರಣದಲ್ಲಿ ಪಾಚಿ ಇರಲಿಲ್ಲ. ಶೇಕಡಾ 10ರಷ್ಟು ದನದ ಕೊಬ್ಬಿನಿಂದ ಮಾಡಿದ ಇಂಧನ, ಉಳಿದದ್ದೆಲ್ಲ ಮಾಮೂಲಿ ಡೀಸೆಲ್.