ಮೂರು ಹಡಗು, ಮನೆಯಲ್ಲಿ ಎರಡು ತೀರ್ಪು

ಕಲಬುರಗಿಯಲ್ಲಿ ಹುಟ್ಟಿ ಬೆಳೆದ ನಮಗೆ ದೊಡ್ಡ ನೀರು ಅಂದರೆ ಅಪ್ಪನ ಕೆರೆ. ಅದಕ್ಕೂ ದೊಡ್ಡದು, ಗಾಣಗಾಪುರಕ್ಕೆ ಹೋದಾಗ ಕಾಣುವ ಭೀಮಾ. ಇವರು ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಅದೇನು ಹುಚ್ಚು ಹಿಡಿಯಿತೋ, ಮೂರು ಸಲ ಹಡಗು ಹತ್ತಿದೆವು. ಮೊದಲು ಕೊಚ್ಚಿಯಿಂದ ಲಕ್ಷದ್ವೀಪ, ಆಮೇಲೆ ಸಿಂಗಾಪುರದಿಂದ ಪೆನಾಂಗ್, ಫುಕೆಟ್, ಕಡೆಗೆ ಬಾರ್ಸಿಲೋನಾದಿಂದ ಮೆಡಿಟರೇನಿಯನ್ ಸುತ್ತು. ಯಾವುದು ಚಲೋ ಅಂತ ಓಣಿಯವರು ಕೇಳಿದರೆ ನಮ್ಮ ಮನೆಯಿಂದ ಎರಡು ಉತ್ತರ ಬರುತ್ತವೆ. ಇವರದು ಸಿಂಗಾಪುರ, ನನ್ನದು ಲಕ್ಷದ್ವೀಪ. ಬರೆಯುವವಳು ನಾನಾದ್ದರಿಂದ ತಕ್ಕಡಿ ಒಂಚೂರು ನನ್ನ ಕಡೆ ವಾಲಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ಸಿಂಗಾಪುರದ ಹಡಗು ನಾಲ್ಕು ರಾತ್ರಿಯದು. ಅದನ್ನು ಹಡಗು ಅನ್ನುವುದಕ್ಕಿಂತ ನೀರಿನ ಮೇಲಿನ ಮಾಲ್ ಅನ್ನಬೇಕು. ಲಿಫ್ಟು, ಅಂಗಡಿ ಸಾಲು, ನಾಟಕಶಾಲೆ, ಈಜುಕೊಳ, ಜೂಜಾಟದ ಹಾಲ್. ಅಗ್ಗ ಅಂತ ಕಿಟಕಿಯಿಲ್ಲದ ಕೋಣೆ ಹಿಡಿದಿದ್ದೆವು. ಬೆಳಗಾಯಿತೋ ಇಲ್ಲವೋ ತಿಳಿಯಬೇಕಾದರೆ ಟಿವಿ ಹಚ್ಚಿ, ಹಡಗಿನ ಮುಂಭಾಗದ ಕ್ಯಾಮೆರಾ ತೋರಿಸುವ ಚಾನೆಲ್ ನೋಡಬೇಕು! ಒಂದು ಕಡೆ ಸುಮಾತ್ರಾ, ಇನ್ನೊಂದು ಕಡೆ ಮಲಯ ಪರ್ಯಾಯ ದ್ವೀಪ ಅಡ್ಡ ನಿಂತಿರುವುದರಿಂದ ಮಲಕ್ಕಾ ಜಲಸಂಧಿಯಲ್ಲಿ ತೆರೆಗಳ ಕಾಟ ಕಡಿಮೆ. ಲೋಟದ ನೀರು ಅಲುಗಲಿಲ್ಲ. ವಾಂತಿ ಹೆದರಿಕೆಯಿಂದ ಹಡಗೇ ಬೇಡ ಅನ್ನುವವರು ಮೊದಲು ಇಲ್ಲಿಂದ ಶುರು ಮಾಡಲಿ. ಪೆನಾಂಗಿನಲ್ಲಿ ಹಡಗು ಜಾರ್ಜ್‌ಟೌನ್ ಊರಿಗೇ ಆತು ನಿಲ್ಲುತ್ತದೆ. ಮಾರಿಯಮ್ಮನ್ ಗುಡಿಯವರೆಗೆ ನಡೆದೇ ಹೋದೆವು. ಫುಕೆಟ್‌ನಲ್ಲಿ ಮಾತ್ರ ಸಮುದ್ರದಲ್ಲೇ ಲಂಗರು ಹಾಕಿ ಸಣ್ಣ ದೋಣಿಯಲ್ಲಿ ಪಾಟೋಂಗ್ ದಂಡೆಗೆ ಸಾಗಿಸಿದರು. ಸಾಲಿನಲ್ಲಿ ನಿಂತೇ ಅರ್ಧ ಹೊತ್ತು ಹೋಯಿತು.

ಊಟದ ವಿಷಯದಲ್ಲಿ ಇದಕ್ಕೆ ಸಾಟಿಯಿಲ್ಲ. ಭಾರತೀಯರು ಬಹಳ ಜನ ಹತ್ತುವುದರಿಂದ ಶಾಕಾಹಾರಕ್ಕೆ ಬೇರೆ ಕೌಂಟರ್ ಇತ್ತು. ಇವರು ಬಟ್ಟಲು ನೆಕ್ಕುತ್ತ, ‘ಮನ್ಯಾಗಿಂದಕ್ಕಿಂತ ಇಲ್ಲೀ ದಾಲ್ ಭಾರಿ ಅದ ನೋಡು’ ಅಂದರು. ತೊಗರಿ ನಾಡಿನ ಗಂಡಸು ಆಡುವ ಮಾತೇನ್ರೀ ಇದು?

ಮೆಡಿಟರೇನಿಯನ್ ಏಳು ರಾತ್ರಿ. ಈ ಪ್ರವಾಸ ಹಡಗಿನದಲ್ಲ, ಊರುಗಳದು. ರಾತ್ರಿ ಮಲಗಿದರೆ ಬೆಳಿಗ್ಗೆ ಇನ್ನೊಂದು ಊರು: ಮಾರ್ಸೆಲ್, ಜಿನೋವಾ, ನೇಪಲ್ಸ್, ಪಲೆರ್ಮೋ. ಪೆಟ್ಟಿಗೆ ಕಟ್ಟಿ ಬಿಚ್ಚುವ ರಗಳೆ ಇಲ್ಲ, ಮೊಣಕಾಲು ನೋವಿನವರಿಗೆ ಅದೇ ದೊಡ್ಡ ಉಪಕಾರ. ಆದರೆ ಕಾಗದ ಓದಿ ದುಡ್ಡು ಕಟ್ಟಿ. ‘ರೋಮ್’ ಅಂತ ಬರೆದ ದಿನ ಹಡಗು ನಿಂತಿದ್ದು ಚಿವಿತಾವೆಕ್ಕಿಯಾದಲ್ಲಿ. ಅಲ್ಲಿಂದ ರೋಮ್‌ಗೆ ರೈಲಿನಲ್ಲಿ ಒಂದು ತಾಸಿನ ಮೇಲೆ. ಕಲಬುರಗಿಯಲ್ಲಿ ಇಳಿಸಿ ಇದೇ ಬಸವಕಲ್ಯಾಣ ಅಂದಂತೆ. ಸಂಜೆ ಹಡಗು ಬಿಡುವ ಮೊದಲು ಮರಳಬೇಕು, ತಡವಾದವರಿಗೆ ಕಾಯುವುದಿಲ್ಲ. ಕೊಲೋಸಿಯಂ ಮುಂದೆ ನಿಂತು ಇವರು ಗೋಡೆಗಿಂತ ಗಡಿಯಾರ ನೋಡಿದ್ದೇ ಹೆಚ್ಚು.

ಇನ್ನೊಂದು ಪೆಟ್ಟು ಟಿಪ್ಸಿನದು. ದಿನಕ್ಕೆ ತಲೆಗೆ 12 ಯೂರೋದಂತೆ ತಾನೇ ಬಿಲ್ಲಿಗೆ ಸೇರುತ್ತ ಹೋಗಿ, ಕೊನೆಯ ದಿನ ಇಬ್ಬರದೂ ಕೂಡಿ 168 ಯೂರೋ ಅಂತ ಚೀಟಿ ಬಂತು. ನಮ್ಮ ಏಜೆಂಟ್ ಇದರ ಬಗ್ಗೆ ತುಟಿ ಪಿಟಕ್ಕೆಂದಿರಲಿಲ್ಲ. ದೊಡ್ಡ ಹಡಗು ಅಲುಗುವುದಿಲ್ಲ ಅಂದವನೂ ಅವನೇ. ಬಾರ್ಸಿಲೋನಾ ಬಿಟ್ಟ ರಾತ್ರಿ ಲಯನ್ಸ್ ಕೊಲ್ಲಿಯಲ್ಲಿ ಮಿಸ್ತ್ರಾಲ್ ಅನ್ನುವ ಉತ್ತರದ ಗಾಳಿ ಬೀಸಿ, ಬಾಲ್ಕನಿಯ ಕುರ್ಚಿ ಆ ಕಡೆಯಿಂದ ಈ ಕಡೆ ಓಡಾಡಿದವು.

ಅಷ್ಟಾದರೂ ಪೊಂಪೈಗಾಗಿ ಎಲ್ಲ ಮಾಫಿ. ನೇಪಲ್ಸ್ ಬಂದರು ಊರ ನಡುವೆಯೇ ಇದೆ, ಅಲ್ಲಿಂದ ಲೋಕಲ್ ರೈಲು. ಕ್ರಿ.ಶ. 79ರಲ್ಲಿ ವೆಸೂವಿಯಸ್ ಬೂದಿಯಲ್ಲಿ ಮುಚ್ಚಿಹೋದ ಊರಿನ ರೊಟ್ಟಿ ಅಂಗಡಿಯಲ್ಲಿ ನನ್ನೆದೆ ಎತ್ತರದ ಬೀಸುಕಲ್ಲುಗಳು ಸಾಲಾಗಿ ನಿಂತಿವೆ. ಕತ್ತೆ ಕಟ್ಟಿ ತಿರುಗಿಸುತ್ತಿದ್ದರಂತೆ. ತೂತು ಬಿದ್ದ ಕಪ್ಪು ಲಾವಾ ಕಲ್ಲು. ಕೈಯಿಟ್ಟರೆ ನಮ್ಮವ್ವನ ಬೀಸುಕಲ್ಲಿನ ಹಾಗೇ ಒರಟು. ಗೈಡ್ ಮುಂದೆ ಹೋದರೂ ನಾನು ಅಲ್ಲೇ ನಿಂತಿದ್ದೆ.

ಲಕ್ಷದ್ವೀಪಕ್ಕೆ ಈ ವೈಭವ ಯಾವುದೂ ಇಲ್ಲ. ಪರ್ಮಿಟ್ ಬೇಕು, ಮಳೆಗಾಲದಲ್ಲಿ ಪ್ರವಾಸವಿಲ್ಲ, ಊಟ ಅನ್ನ, ಸಾಂಬಾರ್, ಮೀನು. ಮೀನು ತಿನ್ನದ ನಾನು ಖಡಕ್ ರೊಟ್ಟಿ, ಶೇಂಗಾ ಹಿಂಡಿ ಒಯ್ದಿದ್ದಕ್ಕೆ ಬಚಾವಾದೆ. ರಾತ್ರಿಯೆಲ್ಲ ಬರ್ತ್ ತೊಟ್ಟಿಲಿನಂತೆ ತೂಗಿತು. ಅವೋಮಿನ್ ಗುಳಿಗೆಯನ್ನು ವಾಂತಿ ಬಂದ ಮೇಲಲ್ಲ, ಹಡಗು ಹತ್ತುವ ಮುಂಚೆ ನುಂಗಬೇಕು ಅನ್ನುವುದು ಅಲ್ಲೇ ಕಲಿತದ್ದು.

ಹವಳದ ದಿಬ್ಬ ಅಡ್ಡವಿರುವುದರಿಂದ ಹಡಗು ಕವರತ್ತಿ ದ್ವೀಪದ ಹೊರಗೇ ನಿಂತಿತು. ಹಡಗಿನ ಪಕ್ಕದ ಬಾಗಿಲು ತೆಗೆದರೆ ಕೆಳಗೆ ಚಿಕ್ಕ ಬೋಟು, ಒಮ್ಮೆ ಹೊಸ್ತಿಲಿಗೆ ಬರುತ್ತದೆ, ಒಮ್ಮೆ ಆಳು ಉದ್ದ ಇಳಿಯುತ್ತದೆ. ಇಬ್ಬರು ಖಲಾಸಿಗಳು ರಟ್ಟೆ ಹಿಡಿದು, ತೆರೆ ಬೋಟನ್ನು ಎತ್ತಿದ ಗಳಿಗೆಯಲ್ಲಿ ದಾಟಿಸುತ್ತಾರೆ. ನಾನು ದಾಟಿದೆ. ಇವರು ಬಾಗಿಲಲ್ಲೇ ಮೂರು ತೆರೆ ಕಳೆದರು. ‘ಏನ್ರೀ, ಮುಹೂರ್ತ ನೋಡ್ಲತ್ತೀರೇನು?’ ಅಂದೆ. ಆ ಮಾತಿನ ಸಿಟ್ಟು ಇವರಿಗೆ ಇವತ್ತಿಗೂ ಇದೆ, ಸಿಂಗಾಪುರದ ಪಕ್ಷ ಹಿಡಿಯಲು ಅದೂ ಒಂದು ಕಾರಣ ಅಂತ ನನ್ನ ಗುಮಾನಿ.

ಮಿನಿಕಾಯ್‌ನಲ್ಲಿ 1885ರ ದೀಪಸ್ತಂಭ ಹತ್ತಿದೆವು. ಕೆಳಗೆ ಲಗೂನಿನ ತಿಳಿ ಹಸಿರು, ಅದರಾಚೆ ಗೆರೆ ಕೊರೆದಂತೆ ಕಡು ನೀಲಿ. ಅಲ್ಲಿಯ ಜನರ ಮಹಲ್ ಭಾಷೆಗೆ ಮಾಲ್ಡೀವ್ಸ್ ನಂಟು, ಒಂದು ಶಬ್ದ ತಿಳಿಯಲಿಲ್ಲ. ಎಳನೀರಿನ ದರ ಬೆರಳಲ್ಲಿ ಕೇಳಿದೆ.

ಮರಳುವಾಗ ಕೆಳಗಿನ ಡೆಕ್ಕಿನ ಕಂಬಿ ಹಿಡಿದು ನಿಂತಿದ್ದೆ. ಹಾರುವ ಮೀನುಗಳು ಬೆಳ್ಳಿ ಚೂರು ಎಸೆದ ಹಾಗೆ ನೀರಿನ ಮೇಲೆ ಹೋದವು. ದೊಡ್ಡ ಹಡಗುಗಳಲ್ಲಿ ಹದಿನಾಲ್ಕನೇ ಅಂತಸ್ತಿನಿಂದ ಬಗ್ಗಿ ನೋಡಿದರೂ ಸಮುದ್ರ ಹಾಸಿದ ಚಾದರದಂತೆ ಕಾಣುತ್ತಿತ್ತು. ನೀರಿನ ಸಪ್ಪಳವೂ ಅಲ್ಲಿಗೆ ಏರುವುದಿಲ್ಲ, ರಾತ್ರಿ ದೀಪಗಳ ಝಗಮಗದಲ್ಲಿ ಚಿಕ್ಕಿಗಳೂ ಇಲ್ಲ.

ಮುಂದಿನ ವರ್ಷ ನಾರ್ವೆಗೆ ಹೋಗೋಣ, ಹಡಗು ಕಡಲ ಕಿರುಗಾಲುವೆಗಳ ಒಳಗೇ ಹೋಗುತ್ತದಂತೆ ಅಂತ ಇವರು ಮೊನ್ನೆ ಪುಸ್ತಿಕೆ ತಂದರು. ಚಿತ್ರ ನೋಡದೆ ಕೇಳಿದೆ, ‘ಎಷ್ಟು ಅಂತಸ್ತಿಂದರೀ ಹಡಗು?’

ಇವರು ಪುಸ್ತಿಕೆ ಮಡಚಿ ಚಹಾ ಕೇಳಿದರು.