ದೋಣಿಮನೆಯಲ್ಲಿ ಬಿಸಿನೀರು: ಬ್ರೇಕರ್ ಟ್ರಿಪ್ ಆಗಲಿಲ್ಲ ಅಂತ ನಂಬಿ ಕೂರಬೇಡಿ

ಇಂಗ್ಲೆಂಡಿನ ಮನೆ ಬಾಡಿಗೆ ನೋಡಿ ಬೆಚ್ಚಿಬಿದ್ದು, ಕಾಲುವೆ ಮೇಲೆ ದೋಣಿ ಹಿಡಿದು ಇದ್ದುಬಿಡೋಣ ಅಂತ ಯೋಚಿಸುತ್ತಿದ್ದೀರಾ? ಹಾಗಾದ್ರೆ ಇದನ್ನು ಓದಿ. 2022ರ ಡಿಸೆಂಬರ್‌ನಲ್ಲಿ ನಮ್ಮ ದೋಣಿಗೆ ಬೆಂಕಿ ಬೀಳುವುದು ಸ್ವಲ್ಪದರಲ್ಲಿ ತಪ್ಪಿತು. ಅದೂ ಬೆಳಗಿನ ಸ್ನಾನದ ನೀರಿನಿಂದ.

ನಮ್ಮದು ನ್ಯಾರೋಬೋಟ್. 57 ಅಡಿ ಉದ್ದ, ಏಳಡಿಗೂ ತುಸು ಕಡಿಮೆ ಅಗಲದ ಉಕ್ಕಿನ ಪೆಟ್ಟಿಗೆ ಅಂದುಕೊಳ್ಳಿ. ಗ್ರ್ಯಾಂಡ್ ಯೂನಿಯನ್ ಕಾಲುವೆಯ ಒಂದು ಮರೀನಾದಲ್ಲಿ, ಅಂದ್ರೆ ದೋಣಿ ನಿಲ್ಲಿಸುವ ತಾಣದಲ್ಲಿ, ಕಟ್ಟಿಹಾಕಿದ್ದೆವು. ಬಿಸಿನೀರಿಗೆ 55 ಲೀಟರಿನ ಟ್ಯಾಂಕ್ ಇದೆ. ಎಂಜಿನ್ ಓಡಿಸಿದರೆ ಅದರ ಬಿಸಿಗೇ ನೀರು ಕಾಯುತ್ತದೆ. ಆದರೆ ಕಟ್ಟಿಹಾಕಿದ ಜಾಗದಲ್ಲಿ ರಾತ್ರಿ 8ರಿಂದ ಬೆಳಗ್ಗೆ 8ರ ತನಕ ಎಂಜಿನ್ ಓಡಿಸುವ ಹಾಗಿಲ್ಲ. ಆಗ ಟ್ಯಾಂಕಿನೊಳಗಿನ 1,000 ವ್ಯಾಟ್ ಹೀಟರೇ ಗತಿ. ಅದಕ್ಕೆ ದಡದಿಂದ ಕರೆಂಟ್ ಬೇಕು.

ದಡದ ಕಂಬದಲ್ಲಿ ನೀಲಿ ಸಾಕೆಟ್, 16 ಆಂಪ್‌ನದು. 230 ವೋಲ್ಟ್‌ಗೆ 3,680 ವ್ಯಾಟ್ ಆಯ್ತಲ್ಲ, ಧಾರಾಳ ಅಂದುಕೊಂಡೆ. ಟ್ಯಾಂಕ್ ಕಾಯುತ್ತಿರುವಾಗ ಟೀಗೆ ಅಂತ 3,000 ವ್ಯಾಟ್ ಕೆಟಲ್ ಹಾಕಿ ಕರೆಂಟ್ ಹೋದಾಗಲೇ ಗೊತ್ತಾಗಿದ್ದು, ಕಂಬದೊಳಗಿನ ಬ್ರೇಕರ್ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಬರೀ 10 ಆಂಪ್‌ನದು ಅಂತ. ಕೆಲವು ಕಡೆ 6 ಇರುತ್ತೆ. ಸಾಕೆಟ್ ನೋಡಿ ಮೋಸಹೋಗಬೇಡಿ.

ಅಷ್ಟರಲ್ಲಿ ಶಿವಮೊಗ್ಗದಿಂದ ಅಮ್ಮ ಬಂದರು. ಅವರಿಗೆ ಐದು ಗಂಟೆಗೇ ಸ್ನಾನ ಆಗಬೇಕು, ಹೊರಗೆ ಕಾಲುವೆ ಹೆಪ್ಪುಗಟ್ಟಿದ್ದರೂ ಸರಿ! ಸೂಟ್‌ಕೇಸ್ ತೆಗೆದರೆ ಸೀರೆಗಳ ಮಧ್ಯೆ ಒಂದು ಕಾಯಿಲ್. "ನಿಮ್ ಟ್ಯಾಂಕ್ ಯಾವಾಗ ಕಾಯುತ್ತೋ ಏನೋ, ಇದನ್ನ ಬಕೆಟ್ಟಿಗೆ ಹಾಕ್ಕೊಂಡ್ರೆ ಆಯ್ತಪ್ಪ" ಅಂದರು. 1,500 ವ್ಯಾಟ್‌ನದು. ಟ್ಯಾಂಕ್ ಹೀಟರ್ ಜೊತೆ ಸೇರಿಸಿದರೆ ಸುಮಾರು 11 ಆಂಪ್. ಹಾಕಿ ನೋಡಿದೆ, ಬ್ರೇಕರ್ ಬೀಳಲಿಲ್ಲ. ಬೀಳಲಿಲ್ಲ ಅಂದ್ರೆ ತೊಂದರೆ ಇಲ್ಲ ಅಂತ ನನ್ನ ಲೆಕ್ಕ. ಐದಾರು ದಿನ ಹಾಗೇ ನಡೆಯಿತು.

ಇದರ ಮಧ್ಯೆ ನಮ್ಮ ಜಾಗ ಬದಲಾಯಿತು. ಹೊಸ ಜಾಗದಲ್ಲಿ ಕಂಬ ಸ್ವಲ್ಪ ದೂರ, ದೋಣಿಯ ಕೇಬಲ್ ಎಟುಕಲಿಲ್ಲ. ಒಂದು ಅಡಾಪ್ಟರ್ ಸಿಕ್ಕಿಸಿ, ಮನೆಯಲ್ಲಿ ಬಳಸುವ 25 ಮೀಟರ್ ಕೇಬಲ್ ಡ್ರಮ್, ಅಂದ್ರೆ ಗಾಲಿಗೆ ಸುತ್ತಿದ ಎಕ್ಸ್‌ಟೆನ್ಶನ್ ವೈರು, ಹಾಕಿದೆ. ಬೇಕಿದ್ದಿದ್ದು ನಾಲ್ಕೈದು ಮೀಟರ್. ಅಷ್ಟೇ ಬಿಚ್ಚಿದೆ. ಉಳಿದದ್ದು ಸುತ್ತಿದ ಹಾಗೇ ಮುಂದಿನ ಡೆಕ್ ಮೇಲೆ, ಟಾರ್ಪಾಲಿನ್ ಅಡಿ.

ಮೂರನೇ ದಿನ ಬೆಳಗ್ಗೆ ಅಮ್ಮನೇ ಎಬ್ಬಿಸಿದರು. "ಏನೋ ಸುಟ್ಟ ವಾಸ್ನೆ ಬರ್ತಿದೆ ನೋಡೋ." ಮುಂದಿನ ಬಾಗಿಲು ತೆಗೆದೆ. ಟಾರ್ಪಾಲಿನ್ ತುಂಬ ಬಿಳಿ ಇಬ್ಬನಿ ಹೆಪ್ಪುಗಟ್ಟಿತ್ತು. ಡ್ರಮ್ ಇದ್ದ ಕಡೆ ಮಾತ್ರ ಊಟದ ತಟ್ಟೆಯಷ್ಟಗಲ ಕರಗಿ, ಒದ್ದೆಯಾಗಿ, ಹಬೆ ಏಳುತ್ತಿತ್ತು. ಪುಣ್ಯಕ್ಕೆ ಕೈ ಹಾಕಲಿಲ್ಲ, ನೀರೂ ಸುರಿಯಲಿಲ್ಲ. ಬರಿಗಾಲಲ್ಲೇ ಓಡಿ ಕಂಬದ ಬ್ರೇಕರ್ ಇಳಿಸಿದೆ. ಆಮೇಲೆ ಎತ್ತಿ ನೋಡಿದರೆ ಡ್ರಮ್ ಒಂದು ಪಕ್ಕಕ್ಕೆ ಕುಸಿದಿದೆ, ಒಳಗಿನ ವೈರು ಜಿಲೇಬಿ ಸುತ್ತಿನ ಹಾಗೆ ಒಂದಕ್ಕೊಂದು ಅಂಟಿಕೊಂಡಿದೆ.

ಎಲೆಕ್ಟ್ರಿಶಿಯನ್ ಬಂದು ಡ್ರಮ್ಮಿನ ಪಕ್ಕದ ಚೀಟಿ ತೋರಿಸಿದ. ಪೂರ್ತಿ ಬಿಚ್ಚಿದರೆ 13 ಆಂಪ್, ಸುತ್ತಿಟ್ಟರೆ ಬರೀ 5. ಸುತ್ತಿನ ಒಳಗಿನ ಬಿಸಿಗೆ ಹೊರಗೆ ಹೋಗಲು ದಾರಿ ಇರುವುದಿಲ್ಲ. ನಾನು ಅದರಲ್ಲಿ ಎರಡರಷ್ಟಕ್ಕಿಂತ ಜಾಸ್ತಿ ಎಳೆದಿದ್ದೆ. ಪ್ಲಗ್ಗಿನ ಫ್ಯೂಸ್ 13 ಆಂಪ್‌ನದು, ಅದು ಹೋಗುವ ಮಾತೇ ಇಲ್ಲ. 10 ಆಂಪ್ ಬ್ರೇಕರ್ 11 ಆಂಪ್‌ಗೆಲ್ಲ ತಲೆ ಕೆಡಿಸಿಕೊಳ್ಳುವುದಿಲ್ಲ, ಗಂಟೆಗಟ್ಟಲೆ ಸುಮ್ನೆ ಇರುತ್ತೆ. ಅದು ಇರುವುದು ಕಂಬದ ವೈರಿಂಗ್ ಕಾಯೋಕೆ, ನನ್ನ ಡ್ರಮ್ಮನ್ನಲ್ಲ.

ಕಾಯಿಲ್ ನೋಡಿ ಅವನಿಗೆ ಇನ್ನೂ ಸಿಟ್ಟು ಬಂತು. ನಮ್ಮೂರ ದಪ್ಪ ಪಿನ್ನಿಗೆ ನಾನು ಹಾಕಿದ್ದ ಟ್ರಾವೆಲ್ ಅಡಾಪ್ಟರ್‌ನಲ್ಲಿ ಅರ್ಥಿಂಗೇ ಇರಲಿಲ್ಲ. ಸುತ್ತ ಉಕ್ಕು, ಕೆಳಗೆ ನೀರು, ಅಮ್ಮ ಆ ಬಕೆಟ್ಟಿಗೆ ಬೆರಳಿಟ್ಟು ಬಿಸಿ ನೋಡುತ್ತಿದ್ದರು. ಅದು ನೆನಪಾದರೆ ಈಗಲೂ ಎದೆ ಝಲ್ ಅನ್ನುತ್ತೆ.

ಈಗ ಕಂಬದಿಂದ ದೋಣಿಗೆ 2.5 ಚದರ ಮಿಲಿಮೀಟರಿನ ನೀಲಿ ಪ್ಲಗ್ ಕೇಬಲ್ ನೇರವಾಗಿ ಬರುತ್ತೆ, ಮಧ್ಯೆ ಅಡಾಪ್ಟರ್ ಇಲ್ಲ. ಉಳಿದ ಉದ್ದವನ್ನು ಸುತ್ತಿಡದೆ ಹರಡಿಯೇ ಬಿಡುತ್ತೇನೆ. 5 ಡಿಗ್ರಿಯ 55 ಲೀಟರ್ ನೀರು 60ಕ್ಕೆ ಬರಲು 1,000 ವ್ಯಾಟ್‌ನಲ್ಲಿ ಮೂರೂವರೆ ಗಂಟೆ ಬೇಕು. ಟೈಮರ್ ರಾತ್ರಿ ಒಂದಕ್ಕೆ ಶುರುವಾಗುತ್ತೆ, ಐದಕ್ಕೆ ನೀರು ರೆಡಿ. ಟೀ ಗ್ಯಾಸ್ ಮೇಲೆ. ನೀವು ದೋಣಿ ನೋಡಲು ಹೋದಾಗ ಬಾಡಿಗೆ ಮಾತಾಡುವ ಮೊದಲೇ ಕಂಬದ ಮುಚ್ಚಳ ತೆಗೆಸಿ, ಬ್ರೇಕರ್ ಮೇಲಿನ ನಂಬರ್ ಓದಿ. ಕೇಬಲ್ ಎಷ್ಟು ಉದ್ದ ಬೇಕು ಅಂತಲೂ ಅಳೆದುಕೊಳ್ಳಿ.

ಕಾಯಿಲ್ ಬಿಸಾಡಲು ಅಮ್ಮ ಬಿಡಲಿಲ್ಲ. ಅದೇ ಸೂಟ್‌ಕೇಸಲ್ಲಿ, ಅದೇ ಸೀರೆಗಳ ಮಧ್ಯೆ, ವಾಪಸ್ ಶಿವಮೊಗ್ಗಕ್ಕೇ ಹೋಯಿತು.