ಪತ್ತನಾಜೆಗೆ ಮೊದಲು ಮಾಡಿಸಿದ ಅಂಡರ್‌ಬಾಡಿ ಕೋಟಿಂಗ್, ಒಂದು ಮಳೆಗಾಲ ಕಳೆದ ಮೇಲೆ

ನಮ್ಮ ಮನೆ ಮಂಗಳೂರಿನ ಹತ್ತಿರದ ಸುರತ್ಕಲ್, ಸಮುದ್ರಕ್ಕೆ ನಡ್ಕೊಂಡು ಹೋಗುವಷ್ಟು ಹತ್ತಿರ, ರಾತ್ರಿ ಹೊರಗೆ ನಿಲ್ಸಿದ ಕಾರಿನ ಗ್ಲಾಸಿಗೆ ಬೆಳಿಗ್ಗೆ ಕೈ ಹಾಕಿದ್ರೆ ಅಂಟಂಟು, ಅದೆಲ್ಲ ಉಪ್ಪು. ಹಿಮ ಬೀಳುವ ದೇಶಗಳಲ್ಲಿ ಐಸ್ ಕರಗ್ಲಿಕ್ಕೆ ರೋಡಿಗೆ ಉಪ್ಪು ಹಾಕ್ತಾರೆ, ಅದ್ರಿಂದ ಕಾರಿನ ಅಡಿ ತುಕ್ಕು ಹಿಡೀತದೆ. ನಮ್ಮಲ್ಲಿ ಗಾಳಿಯೇ ತಂದು ಹಾಕ್ತದೆ, ಅದ್ರ ಮೇಲೆ ಜೂನಿಂದ ಸೆಪ್ಟೆಂಬರ್ ತನಕ ಒಣಗ್ಲಿಕ್ಕೇ ಬಿಡದ ಮಳೆ. ಹಾಗಾಗಿ ಪತ್ತನಾಜೆಗೆ ಮೊದಲು, ಅಂದ್ರೆ ತುಳುವರ ಲೆಕ್ಕದಲ್ಲಿ ಮಳೆಗಾಲ ಹತ್ತಿರ ಬಂತು ಅನ್ನುವ ಮೇ ಕೊನೆಯ ದಿನಕ್ಕೆ ಮೊದಲು, ಕಾರಿನ ಅಡಿಗೆ ತುಕ್ಕು ಹಿಡಿಯದ ಹಾಗೆ ಕೋಟಿಂಗ್ ಹೊಡೆಸುದು.

ಮೊದಲಿನ ಕಾರಿಗೆ ಬೇರೆ ಒಂದು ಕಡೆ ಕೋಟಿಂಗ್ ಮಾಡ್ಸಿದ್ದೆ, ಬೆಳಿಗ್ಗೆ ಕೊಟ್ಟದ್ದು ಮಧ್ಯಾಹ್ನ ವಾಪಸ್ ಸಿಕ್ಕಿತ್ತು. ಎರಡನೇ ಮಳೆಗಾಲದಲ್ಲಿ ಡ್ರೈವರ್ ಸೀಟಿನ ಕೆಳಗಿನ ಮ್ಯಾಟ್ ಒದ್ದೆ, ಎತ್ತಿ ನೋಡಿದ್ರೆ ಫ್ಲೋರಲ್ಲಿ ಹೆಬ್ಬೆರಳು ಹೋಗುವಷ್ಟು ತೂತು ಮಾರ್ರೆ. ಕೆಸರಿನ ಮೇಲೆಯೇ ಕಪ್ಪು ಹೊಡೆದು ಕೊಟ್ಟಿದ್ರು. ಅದು ನನಗೆ ಇವತ್ತಿಗೂ ಬೇಜಾರು.

ಹಾಗಾಗಿ ಈ ಸಲ ಕೂಳೂರು ಸಂಕದ (ಸೇತುವೆಯ) ಹತ್ತಿರ ಇರುವ ಸಣ್ಣ ಗ್ಯಾರೇಜಿಗೆ ಹೋದದ್ದು, ಮೇ ಎರಡನೇ ವಾರ. ಒಂದೇ ದಿನದಲ್ಲಿ ಆಗ್ತದಾ ಅಂತ ಕೇಳಿದ್ದಕ್ಕೆ ಅಲ್ಲಿಯ ಮೇಸ್ತ್ರಿ ಸೀದಾ ಆಗುದಿಲ್ಲ ಅಂದ್ರು. "ತೊಳೆದು ಒಂದು ರಾತ್ರಿ ಒಣಗ್ಬೇಕು ಸರ್, ಇಲ್ಲಾಂದ್ರೆ ನೀರು ಕೋಟಿಂಗಿನ ಒಳಗೆ ಸಿಕ್ಕಿ ಹಾಕ್ಕೊಳ್ತದೆ, ಮೇಲಿಂದ ಚಂದ ಕಾಣ್ತದೆ, ಒಳಗಿಂದ ತಿಂತದೆ." ಆ ಒಂದು ಮಾತಿಗೇ ನಾನು ಕೀ ಕೊಟ್ಟು ಬಂದೆ.

ಮಾರನೇ ದಿನ ಹೋಗಿ ಹತ್ತಿರ ನಿಂತು ನೋಡಿದ್ದೇನೆ. ಕಾರು ಲಿಫ್ಟಲ್ಲಿ, ನಾಲ್ಕೂ ಚಕ್ರ ಬಿಚ್ಚಿ, ವೀಲ್ ಆರ್ಚಿನ ಪ್ಲಾಸ್ಟಿಕ್ ಲೈನಿಂಗ್ ಸಹ ತೆಗೆದು ಒಳಗಿನ ಮಣ್ಣು ತೊಳೆದಿದ್ರು, ಹೋದ ವರ್ಷ ಶಿರಾಡಿ ಘಾಟಿಯಲ್ಲಿ ಹಿಡಿದ ಕೆಂಪು ಮಣ್ಣು ಇನ್ನೂ ಅಲ್ಲೇ ಇತ್ತು ಅಂದ್ರೆ ನೋಡಿ. ತುಕ್ಕು ಶುರುವಾದ ಜಾಗಕ್ಕೆ ವಯರ್ ಬ್ರಷ್ ಹೊಡೆದು ಪ್ರೈಮರ್, ಮತ್ತೆ ಸೈಲೆನ್ಸರ್, ಬ್ರೇಕ್ ಡಿಸ್ಕ್, ಸೆನ್ಸರ್ ವಯರಿಗೆಲ್ಲ ಪೇಪರ್ ಸುತ್ತಿ ಆಮೇಲೆ ರಬ್ಬರ್ ಕೋಟಿಂಗ್ ಎರಡು ಸಲ. ಬಾಗಿಲಿನ ಅಡಿಯಲ್ಲಿ ನೀರು ಇಳಿಲಿಕ್ಕೆ ಸಣ್ಣ ತೂತುಗಳು ಉಂಟಲ್ಲ, ಅದನ್ನು ಒಂದೊಂದೇ ಕಡ್ಡಿ ಹಾಕಿ ಬಿಡಿಸಿದ್ರು, ಅದು ಮುಚ್ಚಿದ್ರೆ ಬಾಗಿಲು ಒಳಗಿಂದಲೇ ಕೊಳೀತದೆ. ವೈಪರ್ ಕೆಳಗಿನ ಜಾಲರಿ ತೆಗೆದು ಒಂದು ಮುಷ್ಟಿ ಮಾವಿನ ಎಲೆ ತೆಗೆದ್ರು, ಇದು ಹೇಳದೇ ಮಾಡಿದ ಕೆಲಸ. ಬಿಸಿಲಿಗೆ ಗಟ್ಟಿಯಾಗಿದ್ದ ವೈಪರ್ ರಬ್ಬರ್ ಬದಲಾಯಿಸಿದ್ರು. ಹಿಂದಿನ ಎರಡು ಟಯರ್ ಸವೆದು ಗೀರಿನ ಒಳಗಿನ ಗುರುತಿನ ಹತ್ತಿರ ಬಂದಿದೆ, ಅಂದ್ರೆ ಗೀರಿನ ಆಳ 1.6 ಮಿಲಿಮೀಟರಿನ ಹತ್ತಿರ, ಈ ಮಳೆಗೆ ಇದ್ರಲ್ಲಿ ಹೋಗ್ಬೇಡಿ ಅಂದ್ರು, ಅವ್ರಲ್ಲಿ ಟಯರ್ ಮಾರುದೇ ಇಲ್ಲ, ಆದ್ರೂ ಹೇಳಿದ್ರು.

ಬಿಲ್ 4,600 ರೂಪಾಯಿ, ವೈಪರ್ ಸೇರಿ. ತಕರಾರು ಎರಡು. ಎರಡು ದಿನ ಅಂದದ್ದು ಮೂರು ದಿನ ಆಯ್ತು, ಒಂದು ಫೋನ್ ಮಾಡ್ಬಹುದಿತ್ತು. ಮತ್ತೆ ವಾಸನೆ, ನಾಲ್ಕು ದಿನ ಕಿಟಕಿ ತೆಗೆದೇ ಓಡಿಸಿದ್ದು, ಅಮ್ಮನಿಗೆ ತಲೆನೋವು ಬಂತು, ಮನೆಯಲ್ಲಿ ವಯಸ್ಸಾದವ್ರು ಇದ್ರೆ ಇದು ಲೆಕ್ಕದಲ್ಲಿರಲಿ.

ಈ ಮಳೆಗಾಲ ಪಣಂಬೂರು ರೋಡಲ್ಲಿ ದಿನಾ ಓಡಾಟ, ಆಟಿಯಲ್ಲಿ (ಜುಲೈ-ಆಗಸ್ಟಿನ ತುಳು ತಿಂಗಳು) ಎರಡು ಸಲ ಘಾಟಿ ಹತ್ತಿದ್ದೂ ಆಯ್ತು. ನವರಾತ್ರಿ ಕಳೆದು ಪುನಃ ಲಿಫ್ಟಿಗೆ ಹಾಕ್ಸಿ ನೋಡಿದೆ, ಫ್ಲೋರ್ ಮಳೆಗೆ ಮೊದಲು ಹೇಗಿತ್ತೋ ಹಾಗೇ, ಎದುರಿನ ಎಡಗಡೆ ಚಕ್ರದ ಮೇಲೆ ಮಾತ್ರ ಜಲ್ಲಿಕಲ್ಲು ಬಡಿದು ಕೋಟಿಂಗ್ ಅಂಗೈಯಷ್ಟು ಎದ್ದಿತ್ತು. ಅಲ್ಲಿಗೆ ಪುನಃ ಹೊಡೆದು ಕೊಟ್ರು, ದುಡ್ಡು ತೆಕ್ಕೊಳ್ಳಲಿಲ್ಲ. ಹೋಗುವವರು ಮೇ ಶುರುವಲ್ಲೇ ಹೇಳಿಡಿ, ಪತ್ತನಾಜೆ ಹತ್ತಿರ ಬಂದ್ರೆ ಲಿಫ್ಟ್ ಖಾಲಿ ಸಿಕ್ಕುದಿಲ್ಲ.